ಸೂರ್ಯ ಆರೂವರೆಗೆ, ಹಸಿವು ಎಂಟೂವರೆಗೆ: ಮಂಗಳೂರು–ಉಡುಪಿಯಲ್ಲಿ ನೋಟವಿರುವ ಟೇಬಲ್ ಆರಿಸುವುದು ಹೇಗೆ

ಮನೆಗೆ ನೆಂಟರು ಬಂದಾಗ, ಮದುವೆಯ ವಾರ್ಷಿಕೋತ್ಸವಕ್ಕೆ, ಮಕ್ಕಳ ರಿಸಲ್ಟ್ ಬಂದ ದಿನ "ಊರು ಕಾಣುವ ಕಡೆ ಊಟಕ್ಕೆ ಹೋಗುವ" ಎಂಬ ಮಾತು ಏಳುತ್ತದೆ. ಆಗ ಎಲ್ಲರೂ ವಿಚಾರಿಸುವುದು ಎಷ್ಟನೇ ಮಹಡಿ ಎಂದು. ಅದಕ್ಕಿಂತ ಮೊದಲು ವಿಚಾರಿಸಬೇಕಾದ್ದು ಎಷ್ಟು ಗಂಟೆಗೆ ಎಂಬುದು. ನಮ್ಮ ಕರಾವಳಿಯಲ್ಲಿ ಸೂರ್ಯ ಕಡಲಿಗೆ ಇಳಿಯುವುದು ಆರರಿಂದ ಏಳರ ನಡುವೆ. ಮನೆಮಂದಿಗೆ ಊಟದ ಹಸಿವಾಗುವುದು ಎಂಟು, ಎಂಟೂವರೆಗೆ. ಎಂಟಕ್ಕೆ ಟೇಬಲ್ ಹೇಳಿ, ಕಡಲ ಬದಿಯ ಕಿಟಕಿಯೇ ಬೇಕೆಂದು ಹಟಹಿಡಿದು, ಲಿಫ್ಟ್ ಹತ್ತಿ ಹೋದವರಿಗೆ ಕಾಣುವುದು ಗಾಜಿನಲ್ಲಿ ತಮ್ಮದೇ ಮುಖ, ಅದರಾಚೆ ಕತ್ತಲು. ಪಶ್ಚಿಮಕ್ಕೆ ಇರುವುದು ನೀರು. ನೀರಿನ ಮೇಲೆ ದೀಪ ಇರುವುದಿಲ್ಲ, ಲಂಗರು ಹಾಕಿದ ನಾಲ್ಕು ಹಡಗು ಬಿಟ್ಟರೆ.

ಹಾಗಾಗಿ ಒಂದು ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡರೆ ಉಳಿದ ಆಯ್ಕೆ ಸುಲಭ. ಏಳು ಗಂಟೆಯೊಳಗೆ ಕೂರುವುದಾದರೆ ಪಶ್ಚಿಮದ ಟೇಬಲ್. ಏಳೂವರೆ ದಾಟಿ ಕೂರುವುದಾದರೆ ಪೂರ್ವ ಅಥವಾ ದಕ್ಷಿಣದ ಟೇಬಲ್. ಊರಿನ ದೀಪ, ರಸ್ತೆಯ ಸಾಲು, ಗುಡ್ಡದ ಇಳಿಜಾರಿನ ಮನೆಗಳು ಎಲ್ಲ ಇರುವುದು ಆ ಕಡೆಗೆ. ಫೋನಿನಲ್ಲಿ "ಸೀ ವ್ಯೂ ಟೇಬಲ್" ಎಂದು ಹೆಚ್ಚು ಹಣಕ್ಕೆ ಮಾರುವ ಸೀಟು ರಾತ್ರಿ ಎಂಟರ ಮೇಲೆ ಆ ಮಾಳಿಗೆಯಲ್ಲೇ ಅತ್ಯಂತ ಕಡಿಮೆ ನೋಟದ ಸೀಟು.

ಸೂರ್ಯನ ಗಳಿಗೆ

ಮಂಗಳೂರಿನಲ್ಲಿ ವರ್ಷದ ಅತಿ ಬೇಗದ ಸೂರ್ಯಾಸ್ತ ಡಿಸೆಂಬರಿನಲ್ಲಿ ಅಲ್ಲ, ನವೆಂಬರ್ ನಡುವಿನಲ್ಲಿ: ಸುಮಾರು 6.02ಕ್ಕೆ. ಡಿಸೆಂಬರ್ ಕೊನೆಗೆ 6.15, ಫೆಬ್ರವರಿ ನಡುವಿಗೆ 6.37, ಏಪ್ರಿಲ್ ನಡುವಿಗೆ 6.43, ಮೇ ನಡುವಿಗೆ 6.50, ಜುಲೈ ಮೊದಲ ವಾರ 7.01ರ ಆಸುಪಾಸು. ಉಡುಪಿಗೂ ಇದೇ ಲೆಕ್ಕ, ಒಂದೆರಡು ನಿಮಿಷ ಆಚೀಚೆ. ಸೂರ್ಯ ಮುಳುಗಿದ ಮೇಲೆ ಇಪ್ಪತ್ತು ನಿಮಿಷ ಆಕಾಶದಲ್ಲಿ ನೀಲಿ ಉಳಿಯುತ್ತದೆ, ಅಷ್ಟರಲ್ಲಿ ಊರಿನ ದೀಪಗಳೂ ಹತ್ತಿರುತ್ತವೆ. ನಿಜವಾದ ನೋಟ ಈ ಇಪ್ಪತ್ತು ನಿಮಿಷದ್ದು. ಹೆಚ್ಚಿನವರು ಸೂರ್ಯ ಮುಳುಗಿದ ಕೂಡಲೇ ಮೆನು ಕಾರ್ಡಿಗೆ ತಲೆ ತಗ್ಗಿಸಿ ಇದನ್ನು ಕಳೆದುಕೊಳ್ಳುತ್ತಾರೆ.

ಸೂರ್ಯ ಇಳಿಯುವ ಜಾಗವೂ ಸರಿಯುತ್ತಾ ಇರುತ್ತದೆ. ಜೂನ್ ಕೊನೆಯಲ್ಲಿ ನೇರ ಪಶ್ಚಿಮದಿಂದ ಸುಮಾರು 24 ಡಿಗ್ರಿ ಬಡಗಿಗೆ, ಡಿಸೆಂಬರ್ ಕೊನೆಯಲ್ಲಿ ಅಷ್ಟೇ ತೆಂಕಿಗೆ. ಹಂಪನಕಟ್ಟೆಯ ಸುತ್ತಿನ ಎತ್ತರದ ಕಟ್ಟಡದಲ್ಲಿ ಕೂತವರಿಗೆ ಡಿಸೆಂಬರಿನ ಸೂರ್ಯ ಅಳಿವೆಬಾಗಿಲು, ಉಳ್ಳಾಲದ ಕಡೆ ವಾಲಿ ಇಳಿದಂತೆ ಕಾಣುತ್ತಾನೆ. ಮೇ ತಿಂಗಳಲ್ಲಿ ಪಣಂಬೂರಿನ ಕಡೆ ವಾಲುತ್ತಾನೆ. ಮಾರ್ಚಿನಲ್ಲಿ ಯಾರೋ ತೆಗೆದ ಫೋಟೋ ನೋಡಿ ಡಿಸೆಂಬರಿನಲ್ಲಿ ಅದೇ ಟೇಬಲ್ ಹಿಡಿದರೆ ನಡುವೆ ಒಂದು ಅಪಾರ್ಟ್‌ಮೆಂಟ್ ಅಡ್ಡ ಬಂದಿರಬಹುದು. ಫೋಟೋ ತೆಗೆದ ತಿಂಗಳು ನೋಡಿಯೇ ನಂಬಬೇಕು.

ಇನ್ನೊಂದು ಮಾತು, ಮಸುಕಿನ ಬಗ್ಗೆ. ಜನವರಿಯಿಂದ ಏಪ್ರಿಲ್‌ವರೆಗೆ ಕಡಲ ಮೇಲೆ ಧೂಳು, ಉಪ್ಪಿನಾವಿಯ ಮಸುಕು ಕಟ್ಟಿರುತ್ತದೆ. ಸೂರ್ಯ ನೀರಿಗೆ ತಾಗುವ ಮೊದಲೇ, ಒಂದೆರಡು ಬೆರಳಗಲ ಮೇಲೆ, ಕೆಂಪು ಬಿಲ್ಲೆಯಾಗಿ ಮಾಸಿಹೋಗುತ್ತಾನೆ. ಹೇಳಿದ ಸಮಯಕ್ಕಿಂತ ಐದಾರು ನಿಮಿಷ ಮೊದಲೇ ಆಟ ಮುಗಿದಿರುತ್ತದೆ. ಅತ್ಯಂತ ಚೊಕ್ಕ ಆಕಾಶ ಮಳೆ ಬಿಟ್ಟ ಕೂಡಲೇ, ಅಕ್ಟೋಬರಿನಲ್ಲಿ. ಆಗ ಪೂರ್ವದ ಕಿಟಕಿಯಲ್ಲಿ ಘಟ್ಟದ ಸಾಲು ನೀಲಿಯಾಗಿ ಕಾಣುತ್ತದೆ. ಬೆಳಗ್ಗಿನ ತಿಂಡಿಗೆ ಆ ಬದಿ ಸಂಜೆಯ ಕಡಲಿಗೆ ಏನೂ ಕಡಿಮೆಯಿಲ್ಲ. ಮಂಗಳೂರು ದಸರಾ ಬರುವುದೂ ಹೆಚ್ಚಾಗಿ ಅದೇ ಹೊತ್ತಿಗೆ. ಕುದ್ರೋಳಿ ಗೋಕರ್ಣನಾಥ ಕ್ಷೇತ್ರದ ಸುತ್ತ, ಪೇಟೆಯ ಮುಖ್ಯರಸ್ತೆಗಳಲ್ಲಿ ದೀಪದ ತೋರಣ ಕಟ್ಟಿರುತ್ತಾರೆ. ವರ್ಷದಲ್ಲಿ ಆ ಹತ್ತು ದಿನ ರಾತ್ರಿ ಒಂಬತ್ತಕ್ಕೆ ಹೋದರೂ ಮೇಲಿನಿಂದ ನೋಡಲು ಎಂದಿಗಿಂತ ಹೆಚ್ಚು ಉಂಟು.

ಎಷ್ಟು ಹೊತ್ತು ಬಾಕಿ ಎಂದು ತಿಳಿಯಲು ಕೈಯೇ ಸಾಕು. ತೋಳು ಚಾಚಿ ಅಂಗೈ ಅಡ್ಡ ಹಿಡಿಯಿರಿ. ಕಡಲ ಗೆರೆಗೂ ಸೂರ್ಯನಿಗೂ ನಡುವೆ ನಾಲ್ಕು ಬೆರಳು ಹಿಡಿಸಿದರೆ ಸುಮಾರು ಅರ್ಧ ಗಂಟೆ ಉಂಟು. ಎರಡು ಬೆರಳಾದರೆ ಕಾಲು ಗಂಟೆ. ಆರ್ಡರ್ ಹೇಳಿ ಮುಗಿಸಿ ತಿರುಗಿ ಕೂರುವ ಹೊತ್ತು.

ಗಾಜಿನ ಹಾಲೋ, ತೆರೆದ ತಾರಸಿಯೋ

ಎರಡೂ ಊರುಗಳಲ್ಲಿ ಮೇಲ್ಮಹಡಿಯ ಊಟವೆಂದರೆ ಮುಖ್ಯವಾಗಿ ಈ ಎರಡರಲ್ಲಿ ಒಂದು. ಎತ್ತರ ಹೆಚ್ಚಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಇಲ್ಲಿ ಅಷ್ಟಾಗಿ ನಡೆಯುವುದಿಲ್ಲ. ದಂಡೆಯಲ್ಲಿ ನಿಂತವನಿಗೆ ಕಡಲ ಗೆರೆ ಕಾಣುವುದು ನಾಲ್ಕೂವರೆ ಕಿಲೋಮೀಟರ್ ದೂರದಲ್ಲಿ; 30 ಮೀಟರ್ ಎತ್ತರದಲ್ಲಿ ಅದು ಸುಮಾರು 20 ಕಿಲೋಮೀಟರ್ ಆಗುತ್ತದೆ; 60 ಮೀಟರ್ ಏರಿದರೆ 28. ಮೊದಲ ಹತ್ತು ಮಹಡಿ ಕೊಟ್ಟಷ್ಟು ನೋಟವನ್ನು ಮುಂದಿನ ಹತ್ತು ಕೊಡುವುದಿಲ್ಲ. ಮಂಗಳೂರು ಗುಡ್ಡಗಳ ಊರು. ಗುಡ್ಡದ ಮೇಲಿನ ಐದನೇ ಮಹಡಿ ಪೇಟೆಯ ತಗ್ಗಿನ ಹನ್ನೆರಡನೇ ಮಹಡಿಯನ್ನು ಸರಿಗಟ್ಟಬಹುದು. ಮಣಿಪಾಲಕ್ಕೂ ಇದೇ ಮಾತು: ಗುಡ್ಡವೇ ಎತ್ತರ ಕೊಟ್ಟಿರುವಾಗ ಕಟ್ಟಡದ ಎತ್ತರಕ್ಕೆ ಹಣ ಕೊಡುವುದು ಬೇಡ.

ಗಾಜಿನ ಹಾಲಿನ ಅನುಕೂಲ ಗೊತ್ತಿದ್ದದ್ದೇ. ಎ.ಸಿ., ಸದ್ದಿಲ್ಲ, ವಯಸ್ಸಾದವರಿಗೆ ಹಿತ, ಮಳೆಯ ಭಯವಿಲ್ಲ. ತೊಂದರೆಗಳು ಮೂರು. ಒಂದು, ಪ್ರತಿಬಿಂಬ. ಒಳಗಿನ ಬೆಳಕು ಹೊರಗಿನದ್ದಕ್ಕಿಂತ ಹೆಚ್ಚಾದ ಕ್ಷಣದಿಂದ ಗಾಜು ಕನ್ನಡಿಯಾಗುತ್ತದೆ. ನಿಮ್ಮ ಬೆನ್ನ ಹಿಂದೆ ದೀಪವಿರುವ ಸೀಟು ಬೇಡ. ಟೇಬಲ್ ಮೇಲಿನ ತೂಗುದೀಪ ತಗ್ಗಿಸಲು ಹೇಳಿ, ಕೇಳಿದರೆ ಮಾಡಿಕೊಡುತ್ತಾರೆ. ಫೋಟೋ ಬೇಕಿದ್ದರೆ ಫೋನಿನ ಲೆನ್ಸನ್ನು ಗಾಜಿಗೆ ತಾಗಿಸಿಯೇ ಹಿಡಿಯಿರಿ, ಸುತ್ತ ಕರವಸ್ತ್ರ ಒತ್ತಿ. ಎರಡು, ಪರದೆ. ಪಶ್ಚಿಮದ ಗಾಜಿಗೆ ನಾಲ್ಕರಿಂದ ಆರರವರೆಗೆ ಬಿಸಿಲು ಹೊಡೆಯುವುದರಿಂದ ಸಿಬ್ಬಂದಿ ಪರದೆ ಇಳಿಸಿರುತ್ತಾರೆ, ಕೆಲವೊಮ್ಮೆ ಏಳರವರೆಗೆ ಮರೆತೇ ಬಿಡುತ್ತಾರೆ. ಕೂರುವಾಗಲೇ "ಆರಕ್ಕೆ ಇದನ್ನು ಎತ್ತಿ" ಎಂದು ಹೇಳಿಡುವುದು ಒಳ್ಳೆಯದು. ಮೂರನೆಯದು ಮಳೆಗಾಲದ್ದು, ಹೆಚ್ಚಿನವರಿಗೆ ಹೋದ ಮೇಲೆಯೇ ತಿಳಿಯುವಂಥದ್ದು. ಹೊರಗಿನ ಗಾಳಿಯಲ್ಲಿ ತೇವ ತುಂಬಿರುವಾಗ ಒಳಗೆ ಎ.ಸಿ.ಯನ್ನು 20 ಡಿಗ್ರಿಗೆ ಇಟ್ಟರೆ ಗಾಜು ತಣ್ಣಗಾಗಿ ಅದರ ಹೊರಮೈಯಲ್ಲಿ ಹಬೆ ಕಟ್ಟುತ್ತದೆ. ಒಳಗಿನಿಂದ ಎಷ್ಟು ಒರೆಸಿದರೂ ಹೋಗದು. ಎ.ಸಿ.ಯನ್ನು 25–26ಕ್ಕೆ ಏರಿಸಿದರೆ ಹತ್ತು ಹದಿನೈದು ನಿಮಿಷದಲ್ಲಿ ಗಾಜು ತಿಳಿಯಾಗುತ್ತದೆ.

ತಾರಸಿಯಲ್ಲಿ ಪ್ರತಿಬಿಂಬ ಇಲ್ಲ, ಗಾಳಿ ಉಂಟು. ಆದರೆ ಆ ಗಾಳಿಗೂ ಗಂಟೆ ಇದೆ. ಮಧ್ಯಾಹ್ನ ಏಳುವ ಕಡಲ ಗಾಳಿ ಸಂಜೆ ಏಳರ ಹೊತ್ತಿಗೆ ಸೋಲುತ್ತದೆ. ನೆಲದ ಕಡೆಯಿಂದ ಗಾಳಿ ತಿರುಗಲು ರಾತ್ರಿ ತಡವಾಗುತ್ತದೆ. ನಡುವಿನ ಎಂಟು, ಎಂಟೂವರೆಗೆ, ಅಂದರೆ ಸರಿಯಾಗಿ ಊಟದ ಹೊತ್ತಿಗೆ, ಎಲೆ ಅಲುಗದ ಸೆಕೆ. ಮಾರ್ಚಿನಿಂದ ಮೇವರೆಗೆ ಇದು ಸಣ್ಣ ಮಾತಲ್ಲ. ಫ್ಯಾನ್ ಹತ್ತಿರದ ಟೇಬಲ್ ಕೇಳಿ. ಮೇ ಕೊನೆಯ ಮೊದಲ ಮಳೆ ಬಿದ್ದ ಸಂಜೆ ತಾರಸಿಗೆ ಹೋಗಲೇಬೇಡಿ: ರೆಕ್ಕೆಹುಳಗಳು ದೀಪಕ್ಕೆ ಮುತ್ತಿ ಸಾರಿನ ಬಟ್ಟಲಿಗೆ ಬೀಳುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡು ಹೊದಿಸಿದ ತಾರಸಿಯಲ್ಲಿ ಮಳೆಯ ಸದ್ದಿಗೆ ಎದುರು ಕೂತವರ ಮಾತು ಕೇಳುವುದಿಲ್ಲ, ಮತ್ತು ನೈಋತ್ಯದ ಎರಚಲು ಸೂರಿನೊಳಗೆ ಎರಡು ಸಾಲು ಟೇಬಲನ್ನು ಒದ್ದೆ ಮಾಡುತ್ತದೆ.

ವಯಸ್ಸಾದವರು, ಗಾಲಿಕುರ್ಚಿಯವರು ಜೊತೆಗಿದ್ದರೆ ಒಂದು ಪ್ರಶ್ನೆ ತಪ್ಪಿಸಬೇಡಿ: ಲಿಫ್ಟ್ ತಾರಸಿವರೆಗೂ ಬರುತ್ತದೆಯೇ? ಎಷ್ಟೋ ಕಟ್ಟಡಗಳಲ್ಲಿ ಲಿಫ್ಟ್ ಕೊನೆಯ ಮಹಡಿಗೆ ನಿಂತು, ಮೇಲಕ್ಕೆ ಇಪ್ಪತ್ತು ಮೆಟ್ಟಿಲು ಬಾಕಿ ಇರುತ್ತದೆ. ಇನ್ನು ತಾರಸಿಗಳಲ್ಲಿ ಹೆಚ್ಚಿನವು ಬಾರ್ ಕೂಡ ಆಗಿರುತ್ತವೆ. ಎಂಟೂವರೆಯ ಬಳಿಕ ಸಂಗೀತ ಏರುತ್ತದೆ. ಅಜ್ಜಿ, ಮಕ್ಕಳು ಸೇರಿದ ಕುಟುಂಬಕ್ಕೆ ಐದೂವರೆಯಿಂದ ಎಂಟು ಅಲ್ಲಿಯ ಒಳ್ಳೆಯ ಹೊತ್ತು. ಗೆಳೆಯರ ಗುಂಪಿಗೆ ಅದರ ನಂತರದ್ದು.

ಮೇಲೆ ಕೂತು ಏನು ತಿನ್ನಬೇಕು

ನೋಟದ ಹೋಟೆಲುಗಳ ಬಗ್ಗೆ ಕೇಳಿಬರುವ ದೂರು ಒಂದೇ, "ಜಾಗ ಚೆಂದ, ಊಟ ಸಪ್ಪೆ". ಕಾರಣ ಹೆಚ್ಚಿನ ಸಲ ಅಡುಗೆಯವರ ಕೈಯಲ್ಲ, ದೂರ. ಅಡುಗೆಮನೆ ನೆಲಮಾಳಿಗೆಯಲ್ಲೋ ಎರಡನೇ ಮಹಡಿಯಲ್ಲೋ ಇದ್ದು ತಟ್ಟೆಗಳು ಲಿಫ್ಟಿನಲ್ಲಿ ಬರುತ್ತವೆ. ನೀರುದೋಸೆ ಕಾವಲಿಯಿಂದ ಎದ್ದು ಐದು ನಿಮಿಷ ಮಡಚಿ ಕೂತರೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಗೋಳಿಬಜೆ ಮುಚ್ಚಿದ ಪಾತ್ರೆಯಲ್ಲಿ ಬಂದರೆ ತನ್ನದೇ ಹಬೆಗೆ ಮೆತ್ತಗಾಗುತ್ತದೆ. ಮಸಾಲೆದೋಸೆಯ ಗರಿ ನಿಲ್ಲದು. "ಅಡುಗೆಮನೆ ಇದೇ ಮಹಡಿಯಲ್ಲಿ ಉಂಟಾ?" ಎಂದು ಕೇಳಿ, ಇಲ್ಲವೆಂದರೆ ಪ್ರಯಾಣ ತಾಳುವ ಪದಾರ್ಥ ಹೇಳಿ. ಕೋರಿರೊಟ್ಟಿ ಇದಕ್ಕೆ ಹೇಳಿ ಮಾಡಿಸಿದ್ದು: ರೊಟ್ಟಿ ಬೇರೆ, ಗಸಿ ಬೇರೆ, ಸುರಿದುಕೊಳ್ಳುವುದು ನಿಮ್ಮ ಕೈಯಲ್ಲಿ. ಘೀ ರೋಸ್ಟ್, ಪುಳಿಮುಂಚಿ, ಸುಕ್ಕ ಇವೂ ತಣಿಯಲು ಹೊತ್ತು ತೆಗೆದುಕೊಳ್ಳುತ್ತವೆ. ಅಂಜಲ್ ತವಾ ಫ್ರೈ ಸರಿ. ರವಾ ಫ್ರೈ ಅಷ್ಟು ಸರಿಯಲ್ಲ, ರವೆ ತಾರಸಿಯ ತೇವದ ಗಾಳಿಗೆ ಬೇಗ ಸಡಿಲುತ್ತದೆ. ಗಡ್‌ಬಡ್ ಐಸ್‌ಕ್ರೀಮನ್ನು ಊಟದ ಜೊತೆಗೇ ಹೇಳಿಡಬೇಡಿ. ಎತ್ತರದ ಗ್ಲಾಸಿನಲ್ಲಿ ಪದರ ಪದರವಾಗಿ ಬರುವ ಅದು ಸೆಕೆಯ ತಾರಸಿಯಲ್ಲಿ ಏಳೆಂಟು ನಿಮಿಷಕ್ಕೆ ಬಣ್ಣದ ಹಾಲಾಗುತ್ತದೆ.

ಮೀನಿನ ವಿಷಯದಲ್ಲಿ ಕ್ಯಾಲೆಂಡರ್ ನೋಡಲೇಬೇಕು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ತಾಜಾ ಸಿಗುವುದು ನಾಡದೋಣಿಯವರು ತಂದದ್ದು, ಹೊಳೆಮೀನು, ಮರುವಾಯಿ (ಚಿಪ್ಪುಮೀನು) ಇಂಥವು. ಆ ಎರಡು ತಿಂಗಳಲ್ಲಿ ದೊಡ್ಡ ಹೋಟೆಲಿನ ಅಂಜಲ್, ಮಾಂಜಿ ಬಹುತೇಕ ಐಸಿನದ್ದು ಅಥವಾ ಹೊರ ರಾಜ್ಯದ್ದು, ದರವೂ ಮೇಲೆ. ಮಳೆಯಿಂದ ನೋಟವೂ ಇಲ್ಲ, ಮೀನೂ ಇಲ್ಲ ಎಂದಾಗ ಜುಲೈಯಲ್ಲಿ ಮೇಲ್ಮಹಡಿಗೆ ಹೆಚ್ಚು ಹಣ ಸುರಿಯಲು ಕಾರಣ ಕಾಣುವುದಿಲ್ಲ. ಆ ತಿಂಗಳು ರಸ್ತೆ ಮಟ್ಟದ ಒಳ್ಳೆಯ ಹೋಟೆಲಿನಲ್ಲಿ ಪತ್ರೊಡೆ ತಿನ್ನುವುದೇ ಲೇಸು.

ಹಸಿವು ಮತ್ತು ಸೂರ್ಯನ ನಡುವಿನ ಎರಡು ಗಂಟೆಗೆ ಉಪಾಯ, ಊಟವನ್ನು ಎರಡು ಮಾಡುವುದು. ಸೂರ್ಯಾಸ್ತಕ್ಕೆ ಮುಕ್ಕಾಲು ಗಂಟೆ ಮೊದಲು ಮೇಲೆ ಹೋಗಿ ಚಹಾ, ತಿಂಡಿ, ಒಂದು ಸ್ಟಾರ್ಟರ್. ಏಳೂವರೆಗೆ ಇಳಿದು ಎಂಟಕ್ಕೆ ಬೇರೆಡೆ ಊಟ. ಬಿಲ್ಲೂ ಇಳಿಯುತ್ತದೆ, ಊಟವೂ ರುಚಿಯಾಗುತ್ತದೆ. ಇದರಲ್ಲಿ ಒಂದೇ ಅಡ್ಡಿ: ಮಧ್ಯಾಹ್ನ ಮೂರೂವರೆಯಿಂದ ಏಳರವರೆಗೆ ಹಲವು ಕಡೆ ದೊಡ್ಡ ಅಡುಗೆಮನೆ ಮುಚ್ಚಿರುತ್ತದೆ. "ಆರು ಗಂಟೆಗೆ ಏನೇನು ಸಿಗುತ್ತದೆ?" ಎಂದು ಫೋನಿನಲ್ಲೇ ಕೇಳಿ. ಫಿಂಗರ್ ಚಿಪ್ಸ್ ಬಿಟ್ಟು ಬೇರೇನೂ ಇಲ್ಲ ಎನ್ನುವವರೂ ಇದ್ದಾರೆ.

ಹೆಗ್ಗುರುತಿನೊಳಗೇ ಕೂತು ಉಣ್ಣಬಹುದೇ?

ಬೇರೆ ದೇಶದ ಗೋಪುರಗಳಲ್ಲಿರುವಂತೆ ನಮ್ಮ ದೀಪಸ್ತಂಭದೊಳಗೆ, ಕೋಟೆಯೊಳಗೆ ರೆಸ್ಟೋರೆಂಟ್ ಇಲ್ಲ. ಬಾವುಟಗುಡ್ಡೆಯ ಹಳೆಯ ದೀಪಸ್ತಂಭದ ಬುಡದಲ್ಲಿ ಟಾಗೋರ್ ಪಾರ್ಕ್ ಉಂಟು, ಬೆಂಚು ಉಂಟು, ಅಡುಗೆಮನೆ ಇಲ್ಲ. 1837ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಅಮರಸುಳ್ಯದ ದಂಗೆಯವರು ಬಾವುಟ ಏರಿಸಿದ ಗುಡ್ಡ ಅದು; ಅಂದು ಇಡೀ ಬಂದರು ಕಾಣುತ್ತಿದ್ದ ಕಡೆ ಇಂದು ಕಟ್ಟಡಗಳ ಸಂದಿನಲ್ಲಿ ಕಡಲಿನ ಪಟ್ಟಿ ಕಾಣುತ್ತದೆ. ಅರ್ಧ ಗಂಟೆ ಕೂತು ಹಂಪನಕಟ್ಟೆಗೆ ಇಳಿದರೆ ಊಟಕ್ಕೆ ಬೇಕಾದಷ್ಟು ಕಡೆ. ಸುಲ್ತಾನ್ ಬತ್ತೇರಿಯೂ ಹಾಗೆಯೇ. 1784ರಲ್ಲಿ ಟಿಪ್ಪು ಗುರುಪುರ ಹೊಳೆಗೆ ಯುದ್ಧದ ಹಡಗು ನುಗ್ಗದಂತೆ ಕಟ್ಟಿಸಿದ ಕರಿಕಲ್ಲಿನ ಕಾವಲುಗೂಡು. ಮೇಲೆ ನಿಂತರೆ ಹೊಳೆ, ಆಚೆ ತಣ್ಣೀರುಬಾವಿ. ದೋಣಿ ನಡೆಯುವ ದಿನಗಳಲ್ಲಿ ದಾಟಿದರೆ ಕೆಲವೇ ನಿಮಿಷ, ರಸ್ತೆಯಲ್ಲಾದರೆ ಕೂಳೂರು ಸೇತುವೆ ಸುತ್ತಿ ಬರಬೇಕು. ಕೊನೆಯ ದೋಣಿ ಎಷ್ಟು ಗಂಟೆಗೆ ಎಂದು ಹೋಗುವಾಗಲೇ ಕೇಳಿಡಿ. ಸೂರ್ಯಾಸ್ತ ನೋಡುತ್ತಾ ನಿಂತು ದೋಣಿ ತಪ್ಪಿದರೆ ಆಚೆ ದಡದಲ್ಲಿ ರಿಕ್ಷಾ ಸುಲಭಕ್ಕೆ ಸಿಗದು.

ಕಾಪುವಿನ ದೀಪಸ್ತಂಭ 1901ರದ್ದು, ಸುಮಾರು 27 ಮೀಟರ್ ಎತ್ತರ, ಕಡಲಿಗೆ ಚಾಚಿದ ಬಂಡೆಯ ಮೇಲೆ. ಸಂಜೆ ಕೆಲವು ಗಂಟೆ ಮಾತ್ರ ಜನರನ್ನು ಮೇಲೆ ಬಿಡುತ್ತಾರೆ. ನೋಟದ ಮಟ್ಟಿಗೆ ಎರಡು ಜಿಲ್ಲೆಯಲ್ಲೂ ಇದಕ್ಕೆ ಸಮನಾದ್ದು ಇಲ್ಲ: ಮೂರು ದಿಕ್ಕಿಗೂ ನೀರು, ಹಿಂದೆ ತೆಂಗಿನ ತೋಟ. ಒಳಗಿನ ಸುರುಳಿ ಮೆಟ್ಟಿಲು ಇಕ್ಕಟ್ಟು. ಮಂಡಿನೋವಿನವರು ಬಂಡೆಯ ಮೇಲೇ ನಿಲ್ಲುವುದು ಒಳ್ಳೆಯದು, ಅಲ್ಲಿಂದಲೂ ಕಡಿಮೆಯೇನಿಲ್ಲ. ಭಾನುವಾರ ಸಾಲು ಉದ್ದ, ಮೇಲೆ ಹೋಗುವಷ್ಟರಲ್ಲಿ ಸಮಯ ಮುಗಿದೀತು. ವಾರದ ನಡುವೆ ಹೋಗಿ, ಕಡಲ ದಂಡೆಯಲ್ಲಿ ಚರ್ಮುರಿ ತಿಂದು, ಊಟಕ್ಕೆ ಉಡುಪಿಗೋ ಮಂಗಳೂರಿಗೋ ಹೆದ್ದಾರಿ ಹಿಡಿಯುವುದು ಸರಿಯಾದ ಕ್ರಮ. ಮಣಿಪಾಲದ ಎಂಡ್ ಪಾಯಿಂಟ್‌ನಲ್ಲೂ ನೋಟ ಮೊದಲು, ಊಟ ಆಮೇಲೆ. ಕೆಳಗೆ ಸ್ವರ್ಣಾ ಹೊಳೆಯ ತಿರುವು, ಹಸಿರು ಕಣಿವೆ. ಕತ್ತಲಾಗುತ್ತಿದ್ದಂತೆ ಪಾರ್ಕಿನ ಗೇಟು ಹಾಕುತ್ತಾರೆ. ವಿದ್ಯಾರ್ಥಿಗಳ ಊರಾದ್ದರಿಂದ ಊಟಕ್ಕೆ ಕೊರತೆಯಿಲ್ಲ. ಸೇಂಟ್ ಮೇರೀಸ್ ದ್ವೀಪದಲ್ಲಿ ಊಟದ ಯೋಚನೆಯೇ ಬೇಡ. ನೀರು ಮಾತ್ರ ಒಯ್ದು, ಮಲ್ಪೆಗೆ ಮರಳಿ ಉಣ್ಣಿ.

ಹೆಗ್ಗುರುತಿನೊಳಗೇ ಎಲೆ ಹಾಕಿಸಿಕೊಳ್ಳುವ ಜಾಗ ಒಂದು ಉಂಟು: ಉಡುಪಿಯ ಕೃಷ್ಣಮಠ. ನಗರದ ನೋಟ ಅಲ್ಲಿಲ್ಲ, ಬಿಲ್ಲೂ ಇಲ್ಲ. ನೆಲದ ಮೇಲೆ ಸಾಲಾಗಿ ಕೂರುವುದು, ಅನ್ನ, ಸಾರು, ಹುಳಿ, ಪಾಯಸ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆ. ಬಡಿಸುವವರ ವೇಗಕ್ಕೆ ನೀವು ಹೊಂದಬೇಕು. ಸಾರಿನ ಅನ್ನ ಮುಗಿಸುವ ಮೊದಲೇ ಹುಳಿ ಬಂದಿರುತ್ತದೆ. ಏಕಾದಶಿಯಂದು ಅನ್ನದ ಊಟ ಇರುವುದಿಲ್ಲ, ಹೊರಡುವ ಮೊದಲು ಪಂಚಾಂಗ ನೋಡಿ. ನೋಟ ಬೇಕಿದ್ದರೆ ಊಟದ ಬಳಿಕ ಹೊರಗೆ ರಥಬೀದಿಯಲ್ಲಿ ನಿಲ್ಲಿ: ಅಷ್ಟಮಠಗಳು ಸುತ್ತುವರಿದ ಬೀದಿ, ನಡುವೆ ಅನಂತೇಶ್ವರ, ಚಂದ್ರಮೌಳೀಶ್ವರ. ಉತ್ಥಾನ ದ್ವಾದಶಿಯ ಬಳಿಕ ಲಕ್ಷದೀಪೋತ್ಸವದ ದಿನಗಳಲ್ಲಿ, ಜನವರಿಯ ಮಕರ ಸಂಕ್ರಮಣದಲ್ಲಿ ರಥ ಎಳೆಯುವಾಗ ನೆಲದ ಮಟ್ಟದಲ್ಲಿ ನಿಂತು ನೋಡುವ ಈ ನೋಟಕ್ಕೆ ಯಾವ ಹದಿನೈದನೇ ಮಹಡಿಯೂ ಸಾಟಿಯಲ್ಲ. ಸಂಜೆಯ ತಿಂಡಿಗೆ ಅಲ್ಲೇ ಮಿತ್ರ ಸಮಾಜ. ಬನ್ಸ್, ಗೋಳಿಬಜೆ ಬಾಣಲೆಯಿಂದ ನೇರ ತಟ್ಟೆಗೆ ಬರುತ್ತವೆ, ಲಿಫ್ಟಿನ ದೂರ ನಡುವೆ ಇಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು, ಮಠದ ಪೂಜೆಯ ಅಧಿಕಾರ ಕೈಬದಲಾಗುವ ಪರ್ಯಾಯದ ದಿನ ಮಾತ್ರ ಊಟಕ್ಕೆಂದು ಆ ಬೀದಿಗೆ ಹೋಗುವ ಲೆಕ್ಕ ಹಾಕಬೇಡಿ, ಕಾಲಿಡಲು ಜಾಗವಿರುವುದಿಲ್ಲ.

ಫೋನಿನಲ್ಲಿ ಕೇಳುವುದು, ಬಿಲ್ಲಿನಲ್ಲಿ ನೋಡುವುದು

"ವಿಂಡೋ ಟೇಬಲ್" ಎಂದಷ್ಟೇ ಹೇಳಿದರೆ ಸಾಲದು. ಯಾವ ದಿಕ್ಕು, ಗಾಜಿಗೆ ತಾಗಿದ್ದೋ ಎರಡನೇ ಸಾಲೋ, ಟೇಬಲ್ ನಂಬರ್ ಏನು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಆರು ಜನರ ಟೇಬಲ್ ಗಾಜಿಗೆ ಅಡ್ಡಲಾಗಿ ಚಾಚಿದ್ದರೆ ನೋಟ ಸಿಗುವುದು ತುದಿಯ ಇಬ್ಬರಿಗೆ. ಉಳಿದ ನಾಲ್ವರು ಪರಸ್ಪರ ಮುಖ ನೋಡಿಕೊಂಡಿರುತ್ತಾರೆ. ಉದ್ದದ ಬದಿ ಗಾಜಿಗೆ ಸಮಾನಾಂತರವಾಗಿ ಇಡಿಸಿ, ಅಥವಾ ಮೂವರ ಎರಡು ಟೇಬಲ್ ತೆಗೆದುಕೊಳ್ಳಿ. ಭಾನುವಾರ ಮತ್ತು ಡಿಸೆಂಬರ್ ಕೊನೆಯ ವಾರ ಬುಕಿಂಗ್ ಇದ್ದರೂ ಅರ್ಧ ಗಂಟೆ ಕಾಯಿಸುವುದುಂಟು. ಸೂರ್ಯ ಕಾಯುವುದಿಲ್ಲವಾದ್ದರಿಂದ ಆ ದಿನಗಳಲ್ಲಿ ಒಂದು ಗಂಟೆ ಮೊದಲೇ ಹೋಗಿ.

ತೆರಿಗೆಯಲ್ಲಿ ದೊಡ್ಡ ವ್ಯತ್ಯಾಸ ಉಂಟು. ಕೋಣೆಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟುವ ಹೋಟೆಲಿನೊಳಗಿನ ರೆಸ್ಟೋರೆಂಟಿನಲ್ಲಿ ಊಟಕ್ಕೆ ಜಿಎಸ್‌ಟಿ ಶೇ 18. ಸಾಮಾನ್ಯ ರೆಸ್ಟೋರೆಂಟಿನಲ್ಲಿ ಶೇ 5. ನಾಲ್ಕು ಸಾವಿರದ ಊಟಕ್ಕೆ 520 ರೂಪಾಯಿ ಅಂತರ. ಸರ್ವಿಸ್ ಚಾರ್ಜ್ ಎಂದು ತಾನಾಗಿ ಸೇರಿಸಿದ್ದರೆ ತೆಗೆಸಬಹುದು: ಅದನ್ನು ಕಡ್ಡಾಯ ಮಾಡುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಹೇಳಿತು, ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಎತ್ತಿಹಿಡಿಯಿತು. ಬಡಿಸಿದವರಿಗೆ ಕೊಡುವುದನ್ನು ಅವರ ಕೈಗೇ ಕೊಡಿ.

ದುಬೈಗೆ ಹೋಗುವವರಿಗೆ

ಬಜ್ಪೆಯಿಂದ ಮೂರೂವರೆ ಗಂಟೆ ಹಾರಿದರೆ ದುಬೈ. ಮಗನ ಮನೆಗೋ ತಂಗಿಯ ಮನೆಗೋ ಹೋದವರಿಗೆ ಬುರ್ಜ್ ಖಲೀಫಾದ ಊಟದ ಪ್ರಶ್ನೆ ಬಂದೇ ಬರುತ್ತದೆ. 828 ಮೀಟರಿನ ಆ ಕಟ್ಟಡ ತೆರೆದದ್ದು 2010ರ ಜನವರಿ 4ರಂದು; 122ನೇ ಮಹಡಿಯಲ್ಲಿ, ಸುಮಾರು 442 ಮೀಟರ್ ಎತ್ತರದಲ್ಲಿರುವ ಅಟ್ಮಾಸ್ಫಿಯರ್ ರೆಸ್ಟೋರೆಂಟ್ ಮರುವರ್ಷದ ಜನವರಿಯಲ್ಲಿ ಶುರುವಾಯಿತು. ಜಗತ್ತಿನ ಅತಿ ಎತ್ತರದ ರೆಸ್ಟೋರೆಂಟ್ ಎಂಬ ಹೆಸರು ಈಗ ಶಾಂಘೈ ಟವರಿನ 120ನೇ ಮಹಡಿಯದ್ದಕ್ಕೆ (556 ಮೀಟರ್) ಹೋಗಿದೆ. ದುಬೈಯದ್ದರಲ್ಲಿ ಪ್ರತಿಯೊಬ್ಬರಿಗೂ ಕನಿಷ್ಠ ಖರ್ಚು ಎಂದು ನಿಗದಿ ಮಾಡಿರುತ್ತಾರೆ, ಕಿಟಕಿಯ ಬದಿಗೆ ಇನ್ನೂ ಹೆಚ್ಚು. ಚಡ್ಡಿ, ರಬ್ಬರ್ ಚಪ್ಪಲಿಗೆ ಪ್ರವೇಶವಿಲ್ಲ. ದ್ವಾರವೂ ಬೇರೆ, ಅರ್ಮಾನಿ ಹೋಟೆಲಿನ ಕಡೆಯಿಂದ. ಮಾಲ್ ಒಳಗಿನ ಟಿಕೆಟ್ ಸಾಲಿನಲ್ಲಿ ನಿಂತರೆ ಬುಕಿಂಗ್ ಹೊತ್ತು ಮೀರುತ್ತದೆ.

ಟಿಕೆಟ್ ತೆಗೆದು ನೋಡುವ ಕಟ್ಟೆ ಇರುವುದು 124, 125ನೇ ಮಹಡಿಯಲ್ಲಿ, ರೆಸ್ಟೋರೆಂಟಿಗಿಂತ ಎರಡೇ ಮಹಡಿ ಮೇಲೆ. ನೋಟ ಅದೇ, ಸುತ್ತಲೂ ನಡೆದು ನೋಡಬಹುದು. ರೆಸ್ಟೋರೆಂಟಿನಲ್ಲಿ ನಿಮ್ಮ ಟೇಬಲಿನ ದಿಕ್ಕು ಮಾತ್ರ. ಮೂರನೆಯ ಆಯ್ಕೆ ಕೆಳಗೆ, ಸೂಕ್ ಅಲ್ ಬಹರ್ ಎಂಬ ಮಾರುಕಟ್ಟೆಯ ಬದಿಯ ಹೊರಜಗಲಿಗಳು: ಎದುರಿಗೆ ದುಬೈ ಫೌಂಟನ್, ಅದರ ಹಿಂದೆ ಇಡೀ ಬುರ್ಜ್. 150 ಮೀಟರ್‌ವರೆಗೆ ಚಿಮ್ಮುವ ಆ ಕಾರಂಜಿ 442 ಮೀಟರ್ ಮೇಲಿನಿಂದ ಚಪ್ಪಟೆಯಾಗಿ, ಸದ್ದಿಲ್ಲದೆ ಕಾಣುತ್ತದೆ. ಸಂಗೀತ ಗಾಜಿನೊಳಗೆ ಬರುವುದಿಲ್ಲ. ಮಕ್ಕಳು, ಸಸ್ಯಾಹಾರಿಗಳು, ಊಟಕ್ಕೆ ಅನ್ನವೇ ಬೇಕೆನ್ನುವ ಹಿರಿಯರು ಇರುವ ಕುಟುಂಬಕ್ಕೆ ಟಿಕೆಟ್ ತೆಗೆದು ಮೇಲೆ ನೋಡಿ, ಕೆಳಗಿಳಿದು ಕಾರಂಜಿ ಮುಗಿಸಿ, ಕರಾಮದ ಉಡುಪಿ ಹೋಟೆಲಿಗೆ ಹೋಗುವುದೇ ಸರಿ. ಇಬ್ಬರೇ ಹೋಗುವುದಾದರೆ, ಮನಸ್ಸಿಗೆ ಬಂದಿದ್ದರೆ, ಮೇಲೆ ಸಂಜೆಯ ಚಹಾದ ಹೊತ್ತು ಹಿಡಿಯಿರಿ.

ಇಲ್ಲಿ ಗಂಟೆಯ ಲೆಕ್ಕ ನಮ್ಮ ಪರವಾಗಿದೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಇಳಿಯುವುದು ಐದೂವರೆಗೆ, ಊರಿನ ಹೊಟ್ಟೆಗೆ ಆಗ ಏಳು. ಜುಲೈಯಲ್ಲಿ 7.10ರ ಸೂರ್ಯಾಸ್ತ ಊರಿನ ಲೆಕ್ಕಕ್ಕೆ 8.40. ಹೋದ ಮೊದಲ ಒಂದೆರಡು ದಿನ ನೋಟ ಮತ್ತು ಹಸಿವು ತಾವಾಗಿ ಒಂದೇ ಹೊತ್ತಿಗೆ ಬರುತ್ತವೆ. ಬುಕಿಂಗನ್ನು ಆ ದಿನಗಳಿಗೇ ಇಟ್ಟುಕೊಳ್ಳಿ. ಎತ್ತರದಲ್ಲಿ ಸೂರ್ಯ ತಡವಾಗಿ ಮುಳುಗುತ್ತಾನೆ ಎಂಬುದೂ ನೆನಪಿರಲಿ. 2011ರಲ್ಲಿ ಅಲ್ಲಿನ ಧರ್ಮಾಧಿಕಾರಿಗಳು ರಂಜಾನಿನ ಉಪವಾಸ ಬಿಡಲು 80ನೇ ಮಹಡಿಯಿಂದ ಮೇಲಿನವರು ಎರಡು ನಿಮಿಷ, 150ರ ಮೇಲಿನವರು ಮೂರು ನಿಮಿಷ ಹೆಚ್ಚು ಕಾಯಬೇಕೆಂದು ಹೇಳಿದ್ದು ಇದೇ ಕಾರಣಕ್ಕೆ. ಬೇಸಿಗೆಯಲ್ಲಿ ಮರಳಿನ ಧೂಳು ಏಳುವುದರಿಂದ ಅಷ್ಟು ಎತ್ತರದಿಂದ ಕಾಣುವುದು ಬೂದು ಬಣ್ಣ; ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು.

ಇನ್ನೂ ದೂರ ಹೋಗುವವರಿಗೆ ಎರಡು ಮಾತು. ಟೊರಾಂಟೊದ ಸಿಎನ್ ಟವರಿನ 351 ಮೀಟರ್ ಎತ್ತರದ ರೆಸ್ಟೋರೆಂಟ್ 72 ನಿಮಿಷಕ್ಕೊಂದು ಸುತ್ತು ತಿರುಗುತ್ತದೆ, ಆದ್ದರಿಂದ ದಿಕ್ಕಿನ ಚಿಂತೆ ಅಲ್ಲಿಲ್ಲ. ಪ್ಯಾರಿಸ್ಸಿನ ಐಫೆಲ್ ಗೋಪುರದಲ್ಲಿ ಮೊದಲ ಹಂತದ ಮದಾಮ್ ಬ್ರಾಸರಿ 57 ಮೀಟರ್ ಎತ್ತರದಲ್ಲಿ. ಎರಡನೇ ಹಂತದ ಜೂಲ್ ವೆರ್ನ್‌ಗೆ ದಕ್ಷಿಣದ ಕಂಬದಿಂದ ತನ್ನದೇ ಲಿಫ್ಟ್, ದರವೂ ಹಲವು ಪಟ್ಟು. ಅಲ್ಲಿ ನಮ್ಮ ಲೆಕ್ಕ ತಲೆಕೆಳಗಾಗುತ್ತದೆ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಹೊತ್ತಿಗೆ, ಏಳಕ್ಕೆ ಕೂತವರು ಎದ್ದು ಹೋಗುವಾಗಲೂ ಹಗಲೇ. ಡಿಸೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಕತ್ತಲು. ದೀಪದ ಪ್ಯಾರಿಸ್ ಬೇಕಿದ್ದವರು ಚಳಿಗಾಲದ ರಾತ್ರಿಯೂಟ ಹಿಡಿಯಲಿ. ಬೇಸಿಗೆಯಲ್ಲಿ ಹೋಗುವವರು ಅಗ್ಗದ ಮಧ್ಯಾಹ್ನದ ಊಟವನ್ನೇ ತೆಗೆದುಕೊಳ್ಳಲಿ, ಬೆಳಕು ಎರಡು ಹೊತ್ತಿಗೂ ಒಂದೇ.